ತುಟಿ ಮೊದಲು, ಮಾತು ಆಮೇಲೆ

ಬ್ಯಾಟ್ಸ್‌ಮನ್ ಬಾರಿಸಿದ ಚೆಂಡು ಆಗಲೇ ಕವರ್ಸ್ ದಾಟಿ ಓಡುತ್ತಿರುತ್ತದೆ; ‘ಟಕ್’ ಎಂಬ ಸದ್ದು ಕೇಳಿಸುವುದು ಆಮೇಲೆ. ನಾಯಕಿ ಬಾಯಿ ಮುಚ್ಚಿದ ಮೇಲೂ ಮಾತಿನ ಬಾಲ ಉಳಿದಿರುತ್ತದೆ. ಪ್ರವಾಸಕ್ಕೆಂದು ಕೊಂಡ ಪುಟ್ಟ ಬ್ಲೂಟೂತ್ ಸ್ಪೀಕರನ್ನು ಟಿವಿಗೋ ಪ್ರೊಜೆಕ್ಟರಿಗೋ ಜೋಡಿಸಿ ‘ಹೋಮ್ ಥಿಯೇಟರ್’ ಮಾಡಿಕೊಂಡ ಅನೇಕ ಮನೆಗಳಲ್ಲಿ ಮೊದಲ ದಿನವೇ ಎದುರಾಗುವ ಕಿರಿಕಿರಿ ಇದು. ಹಾಡಿಗೆ ಸೊಗಸಾಗಿದ್ದ ಸ್ಪೀಕರ್ ಸಿನಿಮಾ ಎಂದೊಡನೆ ಕೈಕೊಡುತ್ತದೆ.

ಪೆಟ್ಟಿಗೆಯ ಮೇಲೆ ವಾಟ್ ಎಷ್ಟು, ಬ್ಯಾಟರಿ ಎಷ್ಟು ಗಂಟೆ, ನೀರಿಗೆ ಬಿದ್ದರೆ ಏನಾಗುತ್ತದೆ ಎಂಬುದೆಲ್ಲ ದಪ್ಪಕ್ಷರದಲ್ಲಿ ಇರುತ್ತದೆ. ಸದ್ದು ಎಷ್ಟು ತಡವಾಗಿ ಹೊರಬರುತ್ತದೆ ಎಂಬುದನ್ನು ಮಾತ್ರ ಅಚ್ಚು ಹಾಕಿರುವುದಿಲ್ಲ. ಹಾಡು ಕೇಳುವವರಿಗೆ ಅದರ ಗೊಡವೆಯೂ ಇಲ್ಲ. ಇಡೀ ಹಾಡು ಕಾಲು ಸೆಕೆಂಡು ತಡವಾಗಿ ಶುರುವಾದರೆ ಯಾರಿಗೂ ತಿಳಿಯದು. ಸಿನಿಮಾ ನೋಡುವವರಿಗಾದರೆ ಎಲ್ಲಕ್ಕಿಂತ ಮೊದಲು ಬೇಕಾದ ಅಂಕಿ ಅದೇ.

ತಡ ಎಲ್ಲಿಂದ?

ಬ್ಲೂಟೂತ್ ಹುಟ್ಟಿದ್ದು ಸಿನಿಮಾಗಾಗಿ ಅಲ್ಲ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಡಚ್ ಎಂಜಿನಿಯರ್ ಯಾಪ್ ಹಾರ್ಟ್‌ಸನ್ ಈ ಕೆಲಸ ಕೈಗೆತ್ತಿಕೊಂಡಾಗ, ಮೊಬೈಲಿಗೂ ಅದರ ಸುತ್ತಲಿನ ಉಪಕರಣಗಳಿಗೂ ನಡುವಿದ್ದ ವೈರನ್ನು ಕಿತ್ತುಹಾಕಿದರೆ ಸಾಕಿತ್ತು. ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಮನೆಯ ವೈ-ಫೈ ಕೂಡ ಇದೆ. ಮೈಕ್ರೋವೇವ್ ಒಲೆಯಿಂದ ಸೋರುವ ಅಲೆಗಳೂ ಅಲ್ಲಿಗೇ ಬರುತ್ತವೆ. ಈ ಜಂಗುಳಿಯಲ್ಲಿ ಬ್ಲೂಟೂತ್ 79 ಕಿರುಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತ ದಾರಿ ಮಾಡಿಕೊಳ್ಳುತ್ತದೆ. ಆದರೂ ದತ್ತಾಂಶದ ಕೆಲವು ಪೊಟ್ಟಣಗಳು ದಾರಿಯಲ್ಲಿ ಕೆಡುತ್ತವೆ, ಅವನ್ನು ಮತ್ತೆ ಕಳಿಸಬೇಕಾಗುತ್ತದೆ.

ಕಳಿಸುವ ಮುನ್ನ ಸದ್ದನ್ನು ಕುಗ್ಗಿಸುವುದೂ ಉಂಟು. ಸಿ.ಡಿ. ಗುಣಮಟ್ಟದ ಸದ್ದಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು; ಬ್ಲೂಟೂತ್ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿರುವ ಎಸ್‌ಬಿಸಿ ಎಂಬ ಕೋಡೆಕ್ ಅದನ್ನು ಸುಮಾರು 328 ಕಿಲೋಬಿಟ್‌ಗೆ ಇಳಿಸುತ್ತದೆ. ತಡಕ್ಕೆಲ್ಲ ಇದೇ ಕಾರಣ ಎಂದು ಹಲವರು ನಂಬಿದ್ದಾರೆ. ಆದರೆ ಎಸ್‌ಬಿಸಿ ಒಂದು ಸಲಕ್ಕೆ ಎತ್ತಿಕೊಳ್ಳುವ ಸದ್ದಿನ ತುಣುಕು 3 ಮಿಲಿಸೆಕೆಂಡಿನಷ್ಟೂ ಇರುವುದಿಲ್ಲ. ಹೆಚ್ಚಿನ ಹೊತ್ತು ಕಳೆಯುವುದು ಬಫರ್‌ನಲ್ಲಿ. ಕಾರ್ಪೊರೇಷನ್ ನೀರು ಬಂದು ನಿಂತು ಮಾಡಿದರೂ ಸಂಪು ತುಂಬಿದ್ದರೆ ಮನೆಯ ನಲ್ಲಿ ಒಂದೇ ಸಮ ಸುರಿಯುತ್ತದಲ್ಲ, ಹಾಗೆ ಪೊಟ್ಟಣಗಳು ಏರುಪೇರಾಗಿ ಬಂದರೂ ಹಾಡು ತಡವರಿಸದಿರಲೆಂದು ಸ್ಪೀಕರ್ ಒಂದಷ್ಟು ಸದ್ದನ್ನು ಸದಾ ಕೂಡಿಟ್ಟುಕೊಂಡಿರುತ್ತದೆ. ಕೂಡಿಟ್ಟಷ್ಟೂ ತಡ. ಸಾಮಾನ್ಯ ಬ್ಲೂಟೂತ್ ಸ್ಪೀಕರಿನಲ್ಲಿ ಇದೆಲ್ಲ ಸೇರಿ 150ರಿಂದ 250 ಮಿಲಿಸೆಕೆಂಡ್ ಆಗಿಬಿಡುತ್ತದೆ.

ಎಷ್ಟು ತಡವಾದರೆ ಗೊತ್ತಾಗುತ್ತದೆ?

ಟಿವಿ ಪ್ರಸಾರದ ಲೆಕ್ಕಕ್ಕೆ ಇದನ್ನು ಅಳೆದಾಗಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 1998ರ ಶಿಫಾರಸಿನ ಪ್ರಕಾರ, ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂದೆ ಬಂದರೆ ಅಥವಾ 125 ಮಿಲಿಸೆಕೆಂಡ್ ಹಿಂದೆ ಬಿದ್ದರೆ ನೋಡುಗರಿಗೆ ಸುಳಿವು ಸಿಗುತ್ತದೆ. ಮುಂದೆ 90, ಹಿಂದೆ 185 ದಾಟಿದರೆ ಸಹಿಸಲಾಗದು. ಹಿಂದೆ ಬೀಳುವ ಸದ್ದಿಗೆ ಇಷ್ಟು ರಿಯಾಯಿತಿ ಏಕೆಂದರೆ ಮಿದುಳಿಗೆ ಅದು ರೂಢಿ. ಹೊಳೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಕೈ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸದ್ದು ಮೊದಲು ಬಂದು ಕೈ ಆಮೇಲೆ ಬಡಿಯುವುದು ಪ್ರಕೃತಿಯಲ್ಲಿ ಇಲ್ಲವೇ ಇಲ್ಲ.

ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎಂದರೆ ಒಂದು ಮೀಟರಿಗೆ 3 ಮಿಲಿಸೆಕೆಂಡಿನಷ್ಟು. ದೊಡ್ಡ ಚಿತ್ರಮಂದಿರದಲ್ಲಿ ತೆರೆಯಿಂದ 25 ಮೀಟರ್ ಹಿಂದೆ ಕೂತವರಿಗೆ ಮಾತು 73 ಮಿಲಿಸೆಕೆಂಡ್ ತಡವಾಗಿಯೇ ತಲುಪುತ್ತದೆ, ಯಾರೂ ದೂರುವುದಿಲ್ಲ. 200 ಮಿಲಿಸೆಕೆಂಡ್ ತಡ ಮಾಡುವ ಬ್ಲೂಟೂತ್ ಸ್ಪೀಕರಾದರೆ ಎಂಟಡಿ ದೂರದ ಸೋಫಾದಲ್ಲಿ ಕೂತವರ ಕಿವಿಯನ್ನು 68 ಮೀಟರ್ ಆಚೆಗೆ ಒಯ್ದು ಕೂರಿಸುತ್ತದೆ.

ಅದೇ ಸ್ಪೀಕರನ್ನು ಫೋನಿಗೆ ಜೋಡಿಸಿ ಸಿನಿಮಾ ನೋಡಿದರೆ ಹೆಚ್ಚಾಗಿ ತೊಂದರೆ ಕಾಣುವುದಿಲ್ಲ. ಯೂಟ್ಯೂಬ್‌ನಂಥ ಆ್ಯಪ್‌ಗಳು ಸದ್ದು ಎಷ್ಟು ತಡವಾಗುತ್ತದೆಂದು ಫೋನಿನಿಂದ ತಿಳಿದುಕೊಂಡು ಅಷ್ಟೇ ಹೊತ್ತು ಚಿತ್ರವನ್ನೂ ತಡೆದು ನಿಲ್ಲಿಸುತ್ತವೆ. ಸೆಟ್‌ಟಾಪ್ ಬಾಕ್ಸಿನಿಂದ ಬರುವ ನೇರ ಪ್ರಸಾರಕ್ಕೆ ಟಿವಿ ಈ ಉಪಕಾರ ಮಾಡುವುದು ಅಪರೂಪ. ಮೆನುವಿನಲ್ಲಿ ‘ಎವಿ ಸಿಂಕ್’ ಎಂಬ ಆಯ್ಕೆ ಇರುತ್ತದೆ, ನಿಜ. ಆದರೆ ಅನೇಕ ಟಿವಿಗಳಲ್ಲಿ ಅದು ಸದ್ದನ್ನು ಇನ್ನಷ್ಟು ತಡ ಮಾಡಬಲ್ಲದೇ ಹೊರತು ಚಿತ್ರವನ್ನು ಹಿಡಿದಿಡಲಾರದು. ಬೇಕಾದದ್ದು ಅದರ ತದ್ವಿರುದ್ಧ.

ತಡ ಎಷ್ಟೆಂದು ಅಳೆಯಲು ಪ್ರಯೋಗಾಲಯ ಬೇಡ. ಸಿನಿಮಾ ಸೆಟ್ಟಿನಲ್ಲಿ ಕ್ಲಾಪ್ ಬೋರ್ಡ್ ಬಡಿಯುವುದೇ ಚಿತ್ರವನ್ನೂ ಸದ್ದನ್ನೂ ಹೊಂದಿಸಲು. ಯಾರೋ ಚಪ್ಪಾಳೆ ತಟ್ಟುವ ವಿಡಿಯೊವನ್ನು ಟಿವಿಯಲ್ಲಿ ಹಾಕಿ, ಸ್ಪೀಕರಿನ ಪಕ್ಕದಲ್ಲಿ ನಿಂತು ಫೋನಿನಲ್ಲಿ ಸೆಕೆಂಡಿಗೆ 60 ಫ್ರೇಮಿನಂತೆ ಚಿತ್ರೀಕರಿಸಬೇಕು. ಎಡಿಟಿಂಗ್ ಆ್ಯಪಿನಲ್ಲಿ ಅದನ್ನು ಒಂದೊಂದೇ ಫ್ರೇಮ್ ಸರಿಸುತ್ತ ಹೋದರೆ ಕೈಗಳು ಕೂಡಿದ ಚೌಕಟ್ಟು ಒಂದು ಕಡೆ, ಸದ್ದಿನ ಗೆರೆ ನೆಟ್ಟಗೆ ಎದ್ದ ಜಾಗ ಇನ್ನೊಂದು ಕಡೆ ಕಾಣುತ್ತದೆ. ಒಂದು ಫ್ರೇಮಿಗೆ ಸುಮಾರು 17 ಮಿಲಿಸೆಕೆಂಡ್. ನಡುವೆ ಮೂರು ಫ್ರೇಮ್ ಇದ್ದರೆ ಚಿಂತೆಯಿಲ್ಲ. ಹನ್ನೆರಡು ಇದ್ದರೆ ಆ ಸ್ಪೀಕರ್ ಹಾಡಿಗೇ ಸರಿ.

ಕಿಂಡಿ, ಕೇಬಲ್, ಕೋಡೆಕ್

ತಡ ತಪ್ಪಿಸುವ ಅಗ್ಗದ ದಾರಿ 3.5 ಮಿ.ಮೀ. ಆಕ್ಸ್ ಕೇಬಲ್. ಟಿವಿಯ ಅಥವಾ ಪ್ರೊಜೆಕ್ಟರಿನ ಹೆಡ್‌ಫೋನ್ ಕಿಂಡಿಯಿಂದ ಸ್ಪೀಕರಿಗೆ ಒಂದು ವೈರ್ ಎಳೆದರೆ ಬ್ಲೂಟೂತಿನ ಹಂಗೇ ಇಲ್ಲ. ಆದರೆ ಆ ಕಿಂಡಿ ಒಂದೊಂದಾಗಿ ಮಾಯವಾಗುತ್ತಿದೆ. ಜೆಬಿಎಲ್ ಚಾರ್ಜ್ 4ರಲ್ಲಿ ಇದ್ದದ್ದು ಚಾರ್ಜ್ 5ರಲ್ಲಿ ಇಲ್ಲ. ಹೊಸ ಮಾದರಿ ಎಂದರೆ ಸಿನಿಮಾಗೂ ಮೇಲು ಎಂದು ಹೇಳುವಂತಿಲ್ಲ.

ಬ್ಲೂಟೂತೇ ಬೇಕೆಂದರೆ ಕೋಡೆಕ್ ನೋಡಬೇಕು. 1980ರ ದಶಕದಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಮೊಳೆತ ಆಪ್ಟ್‌ಎಕ್ಸ್‌ನ ‘ಲೋ ಲೇಟೆನ್ಸಿ’ ರೂಪ ತಡವನ್ನು ಸುಮಾರು 40 ಮಿಲಿಸೆಕೆಂಡಿಗೆ ಇಳಿಸಬಲ್ಲದು. ಷರತ್ತೊಂದೇ: ಕಳಿಸುವ ಟಿವಿ, ಕೇಳಿಸುವ ಸ್ಪೀಕರ್ ಎರಡರಲ್ಲೂ ಅದು ಇರಬೇಕು. ಒಂದರಲ್ಲಿ ಇಲ್ಲದಿದ್ದರೆ ಎರಡೂ ಸದ್ದಿಲ್ಲದೆ ಎಸ್‌ಬಿಸಿಗೆ ಮರಳುತ್ತವೆ. ಸೋನಿಯ ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್ ಸಾಗಿಸುತ್ತದೆ. ಅದು ಸದ್ದಿನ ಸೂಕ್ಷ್ಮ ಉಳಿಸಿಕೊಳ್ಳಲು, ಬೇಗ ತಲುಪಿಸಲು ಅಲ್ಲ. 2020ರಲ್ಲಿ ಪ್ರಕಟವಾದ ಎಲ್‌ಇ ಆಡಿಯೊ, ಅದರ ಎಲ್‌ಸಿ3 ಕೋಡೆಕ್ ಮತ್ತು ಒಂದೇ ಟಿವಿಯಿಂದ ಹಲವು ಸ್ಪೀಕರ್‌ಗಳಿಗೆ ಏಕಕಾಲಕ್ಕೆ ಬಿತ್ತರಿಸುವ ಆರಾಕ್ಯಾಸ್ಟ್ ಈಗ ನಿಧಾನವಾಗಿ ಉಪಕರಣಗಳಿಗೆ ಇಳಿಯುತ್ತಿವೆ. ಇಲ್ಲೂ ಎರಡೂ ತುದಿಯಲ್ಲಿ ಅದಕ್ಕೆ ತಕ್ಕ ಚಿಪ್ ಇರಲೇಬೇಕು.

ಬ್ಲೂಟೂತ್ ಬಿಟ್ಟು ಬೇರೆ ರೇಡಿಯೊ ಬಳಸುವ ಸ್ಪೀಕರ್‌ಗಳೂ ಇವೆ. ಜೆಬಿಎಲ್ ಬಾರ್ 1000 ಎಂಬ ಸೌಂಡ್‌ಬಾರ್ ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೆ ಸೇರುತ್ತದೆ. ಅದರ ಎರಡು ತುದಿಗಳನ್ನು ಕಳಚಿ ಸೋಫಾದ ಹಿಂದೆ ಇಟ್ಟರೆ ಅವೇ ಹಿಂಬದಿ ಸ್ಪೀಕರ್. ಅವುಗಳ ಬ್ಯಾಟರಿ ಹತ್ತು ಗಂಟೆ ಬಾಳುತ್ತದೆಂದು ಕಂಪನಿ ಹೇಳುತ್ತದೆ, ಮತ್ತೆ ಬಾರ್‌ಗೆ ಸಿಕ್ಕಿಸಿದರೆ ಚಾರ್ಜ್ ಆಗುತ್ತವೆ. 2021ರಲ್ಲಿ ಬಂದ ಸೋನಿ ಎಚ್‌ಟಿ-ಎ9ರ ನಾಲ್ಕು ಸ್ಪೀಕರ್‌ಗಳೂ ‘ವೈರ್‌ಲೆಸ್’, ಆದರೆ ಪ್ರತಿಯೊಂದಕ್ಕೂ ಗೋಡೆಯಲ್ಲಿ ಒಂದೊಂದು ಪ್ಲಗ್ ಬೇಕು. ಇನ್ನು ಸೋನೋಸ್‌ನ 2019ರ ಮೂವ್, 2021ರ ರೋಮ್ ಬ್ಯಾಟರಿಯಲ್ಲಿ ನಡೆಯುತ್ತವೆ, ವೈ-ಫೈಯೂ ಇದೆ. ಆದರೆ ಅದೇ ಕಂಪನಿಯ ಸೌಂಡ್‌ಬಾರಿಗೆ ಹಿಂಬದಿ ಸ್ಪೀಕರ್‌ಗಳಾಗಿ ಸೇರುವುದಿಲ್ಲ. ಒಂದೇ ಬ್ರ್ಯಾಂಡ್ ಕೊಂಡರೆ ಎಲ್ಲವೂ ಕೂಡಿಕೊಳ್ಳುತ್ತವೆ ಎಂಬ ಲೆಕ್ಕಾಚಾರ ಇಲ್ಲಿ ತಲೆಕೆಳಗಾಗುತ್ತದೆ.

ಮಾತು ಎಲ್ಲಿಂದ ಬರಬೇಕು?

ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಪತ್ನಿಯೊಂದಿಗೆ ಸಿನಿಮಾಗೆ ಹೋಗಿದ್ದಾಗ, ನಟ ತೆರೆಯ ಒಂದು ತುದಿಯಲ್ಲಿದ್ದರೆ ಅವನ ದನಿ ಇನ್ನೆಲ್ಲಿಂದಲೋ ಬರುವುದು ಅವರನ್ನು ಕೆಣಕಿತಂತೆ. 1931ರ ಡಿಸೆಂಬರಿನಲ್ಲಿ ಅವರು ಎರಡು ಚಾನೆಲ್‌ಗಳ ಧ್ವನಿಗೆ, ಅಂದರೆ ಇಂದಿನ ಸ್ಟೀರಿಯೊಗೆ, ಪೇಟೆಂಟ್ ಕೋರಿದರು. ‘ವಾಕಿಂಗ್ ಅಂಡ್ ಟಾಕಿಂಗ್’ ಎಂಬ 1935ರ ಪರೀಕ್ಷಾ ಚಿತ್ರದಲ್ಲಿ ಜನ ಅತ್ತಿಂದಿತ್ತ ನಡೆದಂತೆ ಅವರ ಮಾತೂ ಜೊತೆಗೇ ನಡೆಯುತ್ತದೆ.

ಒಯ್ಯಬಲ್ಲ ಸ್ಪೀಕರ್‌ಗಳಲ್ಲಿ ಎಷ್ಟೋ ಮಾದರಿಗಳು ಒಂದೇ ಚಾನೆಲಿನವು. ಜೆಬಿಎಲ್ ಫ್ಲಿಪ್ 6ರಲ್ಲಿ ವೂಫರ್, ಟ್ವೀಟರ್ ಎರಡಿದ್ದರೂ ಕೇಳುವುದು ಮೋನೊ. ಸ್ಟೀರಿಯೊ ಬೇಕಿದ್ದರೆ ಒಂದೇ ಮಾದರಿಯ ಎರಡು ಬೇಕು. ಹಲವು ಸ್ಪೀಕರ್ ಕೂಡಿಸುವ ‘ಪಾರ್ಟಿ’ ಮೋಡ್‌ನಲ್ಲಿ ಎಲ್ಲದರಿಂದಲೂ ಒಂದೇ ಸದ್ದು ಹೊರಡುತ್ತದೆ. ಗದ್ದಲ ಹೆಚ್ಚುತ್ತದೆ, ಎಡ-ಬಲ ಹುಟ್ಟುವುದಿಲ್ಲ. ಪೀಳಿಗೆಗಳ ತಕರಾರೂ ಇದೆ: ಫ್ಲಿಪ್ 6 ಕಂಪನಿಯ ಹಳೆಯ ಪಾರ್ಟಿಬೂಸ್ಟ್ ಪದ್ಧತಿಯದು, ಫ್ಲಿಪ್ 7 ಆರಾಕ್ಯಾಸ್ಟಿನದು. ಅವೆರಡು ಜೊತೆಯಾಗುವುದಿಲ್ಲ.

ಜೋಡಿ ಕೊಂಡ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಎರಡು ಸ್ಪೀಕರ್‌ಗಳ ಸರಿ ನಡುವೆ ಕೂತವರಿಗೆ ಮಾತು ತೆರೆಯ ಮಧ್ಯದಿಂದಲೇ ಬಂದಂತೆ ಕೇಳುತ್ತದೆ. ಪಕ್ಕಕ್ಕೆ ಸರಿದು ಕೂತವರಿಗೆ ಹತ್ತಿರದ ಸ್ಪೀಕರಿನ ಸದ್ದು ಒಂದು ಮಿಲಿಸೆಕೆಂಡ್ ಮೊದಲು ತಲುಪಿದರೂ ಸಾಕು, ಇಡೀ ಮಾತು ಅತ್ತಲೇ ವಾಲಿಬಿಡುತ್ತದೆ. ಮೊದಲು ಬಂದ ಸದ್ದಿಗೇ ಮಿದುಳು ಮಣೆ ಹಾಕುವ ಈ ಗುಣವನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ವಿವರಿಸಿದರು. ಚಿತ್ರಮಂದಿರಗಳಲ್ಲಿ ಸಂಭಾಷಣೆಗೆಂದೇ ತೆರೆಯ ಹಿಂದೆ ಒಂದು ಮಧ್ಯದ ಸ್ಪೀಕರ್ ಇಡುವುದು ಇದಕ್ಕೇ. ಹಾಗಾಗಿ ಒಬ್ಬರೋ ಇಬ್ಬರೋ ನೋಡುವ ಕೋಣೆಗೆ ಸ್ಟೀರಿಯೊ ಜೋಡಿ ಚೆನ್ನ. ಐದಾರು ಜನ ಅಡ್ಡಡ್ಡ ಕೂರುವ ಮನೆಯಲ್ಲಿ ಟಿವಿಯ ಕೆಳಗೆ ನಡುಮಧ್ಯದಲ್ಲಿ ಇಟ್ಟ ಒಂದೇ ಒಳ್ಳೆಯ ಮೋನೊ ಸ್ಪೀಕರ್ ಮಾತನ್ನು ಹೆಚ್ಚು ನಿಯತ್ತಾಗಿ ತೆರೆಗೆ ಅಂಟಿಸುತ್ತದೆ.

ಬಾಸ್‌ನ ಲೆಕ್ಕ

ಟೂ-ಇನ್-ಒನ್‌ಗಳ ಕಾಲದಲ್ಲಿ ಪೆಟ್ಟಿಗೆಯ ಮೇಲೆ ಸಾವಿರಾರು ವಾಟ್ ‘ಪಿಎಂಪಿಒ’ ಎಂದು ಮೆರೆಯುತ್ತಿತ್ತು. ಆ ಅಳತೆಗೆ ಒಪ್ಪಿತ ವ್ಯಾಖ್ಯೆಯೇ ಇರಲಿಲ್ಲ. ಈಗ ಬಳಕೆಯಲ್ಲಿರುವ ಆರ್‌ಎಂಎಸ್ ವಾಟ್ ಎಷ್ಟೋ ಪ್ರಾಮಾಣಿಕ. ಆದರೂ ವಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತರಷ್ಟು ವಾಟ್ ಬೇಕು.

ಆಳದ ಸದ್ದಿನದು ಇನ್ನೂ ಕಟ್ಟುನಿಟ್ಟಿನ ಲೆಕ್ಕ. ಅದೇ ಜೋರಿನಲ್ಲಿ ಕಂಪನಾಂಕ ಅರ್ಧಕ್ಕೆ ಇಳಿಯಬೇಕಾದರೆ ಸ್ಪೀಕರಿನ ಪೊರೆ ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕು. 160 ಹರ್ಟ್ಸ್‌ನಿಂದ 40ಕ್ಕೆ ಇಳಿದರೆ ಹದಿನಾರು ಪಟ್ಟು. ಮುಷ್ಟಿಯಲ್ಲಿ ಹಿಡಿಯುವ ಡಬ್ಬಿಯಲ್ಲಿ ಅಷ್ಟು ಗಾಳಿ ಅಲುಗಿಸಲು ಜಾಗವಿಲ್ಲ. 30 ವಾಟಿನ ಫ್ಲಿಪ್ 6 ಇಳಿಯುವುದು 63 ಹರ್ಟ್ಸ್‌ವರೆಗೆ. ಸಿನಿಮಾದ ಸ್ಫೋಟ, ಗುಡುಗು, ಭೂಕಂಪಗಳ ಗುಡುಗುಡು ಅದಕ್ಕೂ ಕೆಳಗಿನದು. ತಯಾರಕರು ಎರಡು ಉಪಾಯ ಹೂಡುತ್ತಾರೆ. ಡಬ್ಬಿಯ ತುದಿಗಳಲ್ಲಿ ತಂತಿಸುರುಳಿ ಇಲ್ಲದ ಪೊರೆ ಕೂರಿಸಿ, ಒಳಗಿನ ಗಾಳಿಯ ಒತ್ತಡದಿಂದಲೇ ಅದು ಅದುರುವಂತೆ ಮಾಡುವುದು ಒಂದು. ಇನ್ನೊಂದು, ಮೂಲ ಸ್ವರವನ್ನೇ ಬಿಟ್ಟು ಅದರ ಮೇಲಿನ ಉಪಸ್ವರಗಳನ್ನು ಎತ್ತಿ ಹಿಡಿಯುವುದು. 100, 150, 200 ಹರ್ಟ್ಸ್ ಒಟ್ಟಿಗೆ ಕೇಳಿದರೆ ಮಿದುಳು ಇಲ್ಲದ 50 ಹರ್ಟ್ಸ್ ಅನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಕಿವಿ ಮೋಸಹೋದರೂ ಎದೆ, ಸೋಫಾ ಅದುರುವುದಿಲ್ಲ. ವಾಲ್ಯೂಮ್ ಏರಿಸಿದಷ್ಟೂ ಪೊರೆ ಹರಿಯದಿರಲೆಂದು ಒಳಗಿನ ಚಿಪ್ ಬಾಸನ್ನು ತಾನಾಗಿ ಕತ್ತರಿಸುವುದರಿಂದ, ಅಂಗಡಿಯಲ್ಲಿ ಮೆಲ್ಲಗೆ ಕೇಳಿದಾಗ ಇದ್ದ ಗಾಂಭೀರ್ಯ ಮನೆಯಲ್ಲಿ ಜೋರಾಗಿ ಹಾಕಿದಾಗ ಇರುವುದಿಲ್ಲ.

ಇಡುವ ಜಾಗದಿಂದ ಅಷ್ಟಿಷ್ಟು ಸರಿಪಡಿಸಬಹುದು. ಗೋಡೆಗೆ ಹತ್ತಿರ, ಮೂಲೆಗೆ ಇನ್ನೂ ಹತ್ತಿರ ಸರಿಸಿದಂತೆ ಬಾಸ್ ತುಂಬಿಕೊಳ್ಳುತ್ತದೆ. ಹನ್ನೆರಡಡಿ ಕೋಣೆಯ ಎದುರುಬದುರು ಗೋಡೆಗಳ ನಡುವೆ 47 ಹರ್ಟ್ಸ್ ಸುಮಾರಿನ ಸದ್ದು ನಿಂತ ಅಲೆಯಾಗಿ, ಗೋಡೆಯ ಬಳಿ ಗುಂಯ್‌ಗುಟ್ಟಿ ನಡುವೆ ಮಾಯವಾಗುತ್ತದೆ. ಸೋಫಾವನ್ನು ಎರಡಡಿ ಸರಿಸಿದರೆ ಸ್ಪೀಕರೇ ಬದಲಾದಂತೆ ಕೇಳುವುದು ಇದರಿಂದ.

ತಾರಸಿಯಲ್ಲಿ ಗೋಡೆಯ ನೆರವಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಕುಸಿಯುತ್ತದೆ, ಬಾಸ್ ಮೊದಲು ಸೊರಗುತ್ತದೆ. ಒಂದು ಸ್ಪೀಕರನ್ನು ಅಬ್ಬರಿಸುವುದಕ್ಕಿಂತ ಪರದೆಯನ್ನೂ ಸ್ಪೀಕರನ್ನೂ ಹತ್ತಿರಕ್ಕೆ ತರುವುದು ಲೇಸು. ಕಾನೂನೂ ಅದನ್ನೇ ಬಯಸುತ್ತದೆ: ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಲ್ಲಿ 55, ರಾತ್ರಿ 10ರ ನಂತರ 45 ಡೆಸಿಬೆಲ್.

ಕೊಳ್ಳುವ ಮುನ್ನ ಅಂಗಡಿಯಲ್ಲೇ ನೋಡಬಹುದಾದ ಇನ್ನೆರಡು ಸಂಗತಿಗಳಿವೆ. ಕೆಲವು ಸ್ಪೀಕರ್‌ಗಳು ಬ್ಯಾಟರಿ ಉಳಿಸಲು ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ನಿದ್ದೆಗೆ ಜಾರಿ, ಮೌನದ ದೃಶ್ಯದ ನಂತರದ ಮೊದಲ ಪದವನ್ನು ನುಂಗಿಹಾಕುತ್ತವೆ. ಆ ಸೌಲಭ್ಯವನ್ನು ಆಫ್ ಮಾಡಲು ಬರುತ್ತದೆಯೇ ಎಂದು ಕೇಳಬೇಕು. ಮತ್ತೆ, ಸ್ಪೀಕರನ್ನು ಪರೀಕ್ಷಿಸಲು ಅಂಗಡಿಯವರು ಹಾಕುವ ಡಿಜೆ ಹಾಡನ್ನು ನಿಲ್ಲಿಸಿ, ಅಲ್ಲಿನ ಟಿವಿಗೇ ಅದನ್ನು ಜೋಡಿಸಿ ಒಂದು ಸುದ್ದಿವಾಹಿನಿ ಹಾಕಿಸಬೇಕು. ವಾಚಕಿ ‘ಪ’, ‘ಬ’, ‘ಮ’ ಅನ್ನುವಾಗ ತುಟಿಗಳು ಮುಚ್ಚಿ ತೆರೆಯುತ್ತವೆ. ತಡ ಇದ್ದರೆ ಕಣ್ಣಿಗೆ ಬೀಳುವುದು ಆ ಅಕ್ಷರಗಳಲ್ಲೇ.