10 ವರ್ಷ ಮಾನ್ಯತೆಗೆ ಕಾದು 6 ಪ್ರಶಸ್ತಿ ಗೆದ್ದ ಕಾಲೇಜು ಕೋಚ್: ಯಾರಿದು ಜೆರ್ರಿ ಯೇಗ್ಲಿ?

ಅಮೆರಿಕದಲ್ಲಿ ನಮ್ಮ ಫುಟ್ಬಾಲ್‌ಗೆ ಸಾಕರ್ ಎನ್ನುತ್ತಾರೆ. ಅಲ್ಲಿನ ಕಾಲೇಜು ತಂಡಗಳು ಎನ್‌ಸಿಎಎ ಸಂಸ್ಥೆಯಡಿ ರಾಷ್ಟ್ರೀಯ ಪ್ರಶಸ್ತಿಗೆ ಸೆಣಸುತ್ತವೆ. ಆದರೆ ಅದಕ್ಕೆ ವಿಶ್ವವಿದ್ಯಾಲಯದ ಅಧಿಕೃತ ಮಾನ್ಯತೆ, ಅಂದರೆ 'ವಾರ್ಸಿಟಿ' ಸ್ಥಾನ ಬೇಕು.

ಕಾದಿದ್ದು ಎಷ್ಟು?
ಜೆರ್ರಿ ಯೇಗ್ಲಿ 1963ರಲ್ಲಿ ಇಂಡಿಯಾನಾ ವಿವಿಗೆ ಬಂದಾಗ ಅಲ್ಲಿ ಸಾಕರ್‌ಗೆ ಇದ್ದದ್ದು ಕ್ಲಬ್ ತಂಡದ ಸ್ಥಾನ ಮಾತ್ರ. ಆಟಗಾರರಾಗಿ 1961ರಲ್ಲೇ ವೆಸ್ಟ್ ಚೆಸ್ಟರ್ ಪರ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ಅವರು, ಇಂಡಿಯಾನಾದಲ್ಲಿ ಮಾನ್ಯತೆಗಾಗಿ 10 ವರ್ಷ ಕಾದರು. ಅದು ಸಿಕ್ಕಿದ್ದು 1973ರಲ್ಲಿ.

ಮೂರು ಸೋಲು, ಒಂದೇ ಎದುರಾಳಿ
ಮೂರೇ ವರ್ಷದಲ್ಲಿ ತಂಡ ಫೈನಲ್ ತಲುಪಿತು. ಆದರೆ 1976, 1978 ಮತ್ತು 1980ರ ಫೈನಲ್‌ಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿವಿ ಎದುರೇ ಸೋತಿತು. ಕೊನೆಗೂ 1982ರಲ್ಲಿ ಅದೃಷ್ಟ ಕುಲಾಯಿಸಿತು. 8 ಹೆಚ್ಚುವರಿ ಅವಧಿಗಳವರೆಗೆ ಸಾಗಿದ ಫೈನಲ್‌ನಲ್ಲಿ ಡ್ಯೂಕ್ ವಿವಿಯನ್ನು 2-1ರಿಂದ ಮಣಿಸಿ ಮೊದಲ ಪ್ರಶಸ್ತಿ ಎತ್ತಿತು.

ಗೆದ್ದೇ ವಿದಾಯ
1983, 1988, 1998, 1999ರಲ್ಲೂ ಇಂಡಿಯಾನಾ ಚಾಂಪಿಯನ್. 2003 ತಮ್ಮ ಕೊನೆಯ ಋತು ಎಂದು ಯೇಗ್ಲಿ ಮೊದಲೇ ಘೋಷಿಸಿದ್ದರು. ಅದರ ಫೈನಲ್‌ನಲ್ಲಿ ಸೇಂಟ್ ಜಾನ್ಸ್ ವಿರುದ್ಧ 2-1ರ ಜಯ, 6ನೇ ಪ್ರಶಸ್ತಿ!

ಮುಂದೇನಾಯಿತು?
ಕೋಚ್ ಬದಲಾದರೂ ಗೆಲುವು ನಿಲ್ಲಲಿಲ್ಲ. 2004ರಲ್ಲಿ ಸಹಾಯಕರಾಗಿದ್ದ ಮೈಕ್ ಫ್ರೈಟಾಗ್, 2012ರಲ್ಲಿ ಪುತ್ರ ಟಾಡ್ ಯೇಗ್ಲಿ ಅದೇ ತಂಡಕ್ಕೆ ಪ್ರಶಸ್ತಿ ತಂದರು. ಮಾನ್ಯತೆಯೇ ಇಲ್ಲದ ತಂಡವನ್ನು ನಂಬಿ ಕಳೆದ ಆ 10 ವರ್ಷಗಳ ಫಲ ಯೇಗ್ಲಿ ನಿವೃತ್ತಿಯ ನಂತರವೂ ತಂಡಕ್ಕೆ ಸಿಗುತ್ತಲೇ ಇತ್ತು.