ಬೆಲ್ಟ್ ಪರೀಕ್ಷೆ

ನಿಮ್ಮ ಮಗಳು ಕರಾಟೆ ಕಲಿಯುತ್ತಿದ್ದಾಳಾ? ಹಾಗಾದರೆ ಬೆಲ್ಟ್ ಪರೀಕ್ಷೆಯ ಮಾತು ಕೇಳಿರುತ್ತೀರಿ.

ಕರಾಟೆ ಅಂದರೆ ಬರಿಗೈ. ಇದು ಜಪಾನಿನ ಓಕಿನಾವಾ ದ್ವೀಪದ ವಿದ್ಯೆ. ಅಲ್ಲಿನ ಗುರು ಗಿಚಿನ್ ಫುನಾಕೋಶಿ 1924ರಲ್ಲಿ ಶಿಷ್ಯರಿಗೆ ಮೊದಲ ಸಲ ಕಪ್ಪು ಬೆಲ್ಟ್ ಕೊಟ್ಟರು.

ಹೊಸಬರಿಗೆ ಬಿಳಿ ಬೆಲ್ಟ್. ನಡುವಿನ ಬಣ್ಣಗಳು ಒಂದೊಂದು ಕಡೆ ಒಂದೊಂದು ಥರ. ಕಪ್ಪು ಬೆಲ್ಟಿಗೆ ವರ್ಷಗಟ್ಟಲೆ ಬೇಕು.

ಪರೀಕ್ಷೆಯಲ್ಲಿ ಗುದ್ದು, ಒದೆ, ತಡೆ ನೋಡುತ್ತಾರೆ. ಜೋಡಿ ಸೆಣಸಾಟವೂ ಇರುತ್ತೆ. ಅದಕ್ಕೆ ಕುಮಿಟೆ ಅಂತಾರೆ. ಇನ್ನು ಕಟಾ. ಎದುರಾಳಿ ಇದ್ದಾನೆ ಅಂದುಕೊಂಡು ಒಬ್ಬಳೇ ಮಾಡುವ ಹೆಜ್ಜೆಗಳ ಸಾಲು. ಇದರಲ್ಲಿ ಕ್ರಮ ತಪ್ಪಬಾರದು. ದಿನಾ ಅಂಗಳದಲ್ಲಿ ಮಾಡಿಸಿ. ರಂಗೋಲಿ ಬೆರಳಿಗೆ ನೆನಪಿರುತ್ತದಲ್ಲ, ಹಾಗೆ ಕಾಲಿಗೂ ನೆನಪು ಉಳಿಯುತ್ತೆ.

ಆ ದಿನ ಉಗುರು ಕತ್ತರಿಸಿ. ಬಳೆ, ಓಲೆ ತೆಗೆಸಿ. ಫೇಲಾದರೆ ಬಯ್ಯಬೇಡಿ, ಮತ್ತೆ ಕೂರಬಹುದು.

ಪರೀಕ್ಷೆಗೆ ಫೀಜು ಕೇಳಿದರೆ ರಸೀದಿ ಪಡೆಯಿರಿ. ಮಗಳ ಹೆಸರು, ಹಣ ಸರಿಯಿದೆಯೇ? ನೀವೇ ಓದಿ ನೋಡಿ.