ಫ್ಲೀಟರ ಸಂಶೋಧನೆಯಲ್ಲಿ ಅಂತಃಕಲಹ: ಚಾಲುಕ್ಯ ಶಾಸನ ಮತ್ತು ಹಲಗಲಿಯ ಲಾವಣಿ

ಬನಶಂಕರಿ, ಬಾದಾಮಿ, ಮಹಾಕೂಟ, ಐಹೊಳೆಗಳ ಪರಿಸರವು ಚಾಲುಕ್ಯ ವಾಸ್ತುಶಿಲ್ಪಕ್ಕೆ ಹೆಸರಾದಂತೆ ಆ ಮನೆತನದ ದಾಯಾದಿ ಕಲಹಕ್ಕೂ ಸಾಕ್ಷಿಯಾಗಿದೆ. ಈ ಕಲಹವನ್ನು ಶಾಸನಾಧಾರಗಳಿಂದ ಬೆಳಕಿಗೆ ತಂದವರಲ್ಲಿ ಜಾನ್ ಫೇತ್‌ಫುಲ್ ಫ್ಲೀಟ್ (1847–1917) ಪ್ರಮುಖರು. 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಬಂದ ಅವರು ಕಂಪನಿಯ ಉತ್ತರಾಧಿಕಾರಿ ಸರಕಾರದ ಅಧಿಕಾರಿಯಾಗಿದ್ದುಕೊಂಡೇ ಹಳಗನ್ನಡ, ಸಂಸ್ಕೃತ ಶಾಸನಗಳನ್ನು ಓದಿದರು. 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಪ್ರಕಟಿಸಿದರು.

ಅವರು ಸಂಪಾದಿಸಿದ ಎರಡು ಶಾಸನಗಳನ್ನು ಜೊತೆಗಿಟ್ಟು ನೋಡಬೇಕು. ಮಹಾಕೂಟದ ಸ್ತಂಭಶಾಸನ (602) ಮಂಗಳೇಶನ ಆಳ್ವಿಕೆಯದು. ಅಲ್ಲಿ ಅವನು ಅಣ್ಣ ಕೀರ್ತಿವರ್ಮನ ಬಳಿಕ ಪಟ್ಟವೇರಿದ ವಿಜಯಶಾಲಿ, ದೇವರಿಗೆ ದತ್ತಿಯಿತ್ತ ಧರ್ಮಿಷ್ಠ. ಐಹೊಳೆಯ ಮೇಗುತಿ ಶಾಸನ (634) ಕೀರ್ತಿವರ್ಮನ ಮಗ ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ ರಚನೆ. ಅಲ್ಲಿ ಮಂಗಳೇಶನು ಸ್ವಂತ ಮಗನಿಗೆ ರಾಜ್ಯ ಕೊಡಿಸಲೆತ್ನಿಸಿ ಆ ಯತ್ನವನ್ನೂ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡವನು. ಕಲಹದ ನಂತರದ ಗೊಂದಲದಲ್ಲಿ ಅಪ್ಪಾಯಿಕ, ಗೋವಿಂದರು ದಂಡೆತ್ತಿ ಬಂದುದೂ ಅದರಲ್ಲಿಯೇ ದಾಖಲಾಗಿದೆ. ಸೋತವನ ಪಕ್ಷದ ಮಾತು ಮಾತ್ರ ಎಲ್ಲಿಯೂ ಉಳಿದಿಲ್ಲ. ಈ ಯುದ್ಧದಲ್ಲಿ ಸುಟ್ಟ ಊರು ಯಾವುದು, ಮಡಿದ ಒಕ್ಕಲು ಯಾರು ಎಂಬುದನ್ನು ಪ್ರಶಸ್ತಿಕಾವ್ಯ ಹೇಳುವುದಿಲ್ಲ.

ಆ ಮೌನವನ್ನು ತುಂಬುವ ಬಗೆಯ ಆಕರವನ್ನೂ ಫ್ಲೀಟರೇ ಒದಗಿಸಿದರೆಂಬುದು ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹ. 1885ರಿಂದ ಅವರು 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸತೊಡಗಿದರು. ಹಲಗಲಿಯ ಬೇಡರ ಲಾವಣಿ ಅವುಗಳಲ್ಲೊಂದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯನ್ನು ಮುಧೋಳ ಸೀಮೆಯ ಈ ಬೇಡರು ಧಿಕ್ಕರಿಸಿದರು. ನವೆಂಬರಿನ ಕೊನೆಯಲ್ಲಿ ದಂಡು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಸೆರೆಯಾಳುಗಳನ್ನು ಗಲ್ಲಿಗೇರಿಸಲಾಯಿತು. ಲಾವಣಿಕಾರನು ವೀರರ ಹೆಸರುಗಳನ್ನಷ್ಟೇ ಹಾಡಿ ನಿಲ್ಲುವುದಿಲ್ಲ. ಅಡುಗೆಮನೆಯ ಕಾಳುಕಡ್ಡಿಯಿಂದ ಹೆಂಗಸರ ತಾಳಿಯವರೆಗೆ, ಬೀಸುವ ಕಲ್ಲಿನವರೆಗೆ ಲೂಟಿಯಾದುದನ್ನೆಲ್ಲ ಎಣಿಸುತ್ತಾನೆ. ಯುದ್ಧಾನಂತರದ ಬದುಕಿನ ನಷ್ಟವನ್ನು ಇಷ್ಟು ಸೂಕ್ಷ್ಮವಾಗಿ ಸರಕಾರಿ ವರದಿಯಿಂದ ನಿರೀಕ್ಷಿಸುವಂತಿಲ್ಲ.

ಲಾವಣಿಯೂ ಪಕ್ಷಪಾತಿಯೇ, ಅದರ ಪಕ್ಷ ಸೋತವರದು. ದಂಗೆಯನ್ನು ಹತ್ತಿಕ್ಕಿದ ಆಡಳಿತದ ಅಧಿಕಾರಿಯೊಬ್ಬರೇ ದಂಗೆಕೋರರ ಪರವಾದ ಹಾಡನ್ನು ಅಚ್ಚಿನಲ್ಲಿ ಉಳಿಸಿದುದು ಇತಿಹಾಸದ ವಿಪರ್ಯಾಸ. ಫ್ಲೀಟರು ಶಾಸನವನ್ನು ಚರಿತ್ರೆಯೆಂದೂ ಲಾವಣಿಯನ್ನು ಜನರ ಹಾಡೆಂದೂ ಬೇರೆಬೇರೆಯಾಗಿ ಪ್ರಕಟಿಸಿದರು. ಎರಡನ್ನೂ ಒಂದೇ ನಾಡಿನ ಕಲಹಗಳ ಸಾಕ್ಷ್ಯಗಳೆಂದು ಜೊತೆಗೂಡಿಸಿ, ಒಂದರ ಮೌನವನ್ನು ಇನ್ನೊಂದರ ನುಡಿಯಿಂದ ಪರಿಶೀಲಿಸುವುದು ಅವರ ನಂತರದ ಸಂಶೋಧಕರ ಹೊಣೆಯಾಗಿದೆ.